ಬಿಳಿಯಲ್ಲಿ ಕಂಡ ಹಸಿರು

ದಿಲ್ಲಿ ಬಳಿಯ ಮಾನೇಸರ್‌ನ ನಮ್ಮ ಕಾರ್ಖಾನೆಯಲ್ಲಿ ಕಾರಿನ ಬಂಪರುಗಳಿಗೆ ಬಣ್ಣ ಹೊಡೆಯುತ್ತಿದ್ದರು. ಹೊಡೆದ ಬಣ್ಣ ಸರಿಯಿದೆಯೇ ಎಂದು ನೋಡುವುದು ನನ್ನ ಉದ್ಯೋಗ. ಬರೀ ನೋಡುವುದಕ್ಕೆ ಸಂಬಳ ಕೊಡುತ್ತಾರೆಂದರೆ ನೆಂಟರು ನಂಬುತ್ತಿರಲಿಲ್ಲ. ಆದರೆ ಬಣ್ಣ ಅಳೆಯುವ ಯಂತ್ರ ಸರಿ ಎಂದದ್ದನ್ನು ನಾನು ತಪ್ಪು ಎಂದರೆ ನನ್ನ ಮಾತೇ ನಡೆಯುತ್ತಿತ್ತು. ಕಾರು ಕೊಳ್ಳುವವನು ಯಂತ್ರ ಹಿಡಿದುಕೊಂಡು ಬರುವುದಿಲ್ಲ, ಕಣ್ಣು ತೆಗೆದುಕೊಂಡು ಬರುತ್ತಾನೆ ಎಂಬುದು ನಮ್ಮಲ್ಲಿಯ ಸಿದ್ಧಾಂತ. ಇಪ್ಪತ್ತೆರಡು ವರ್ಷ ನನ್ನ ಎರಡು ಕಣ್ಣುಗಳನ್ನು ಕಾರ್ಖಾನೆಯ ಸಾಮಗ್ರಿಯೆಂದೇ ಭಾವಿಸಿದ್ದೆ. ವಿಶ್ವಕರ್ಮ ಪೂಜೆಯ ದಿನ ಉಳಿದ ಯಂತ್ರಗಳಿಗೆ ಕುಂಕುಮ ಹಚ್ಚುವಾಗ ಇವೆರಡನ್ನು ಮರೆತರಲ್ಲ ಎಂದು ಸಣ್ಣ ಬೇಸರವೂ ಇತ್ತು.

ಬಣ್ಣ ಬೆರೆಸುವ ಕೋಣೆಯಲ್ಲಿ ಬೀದರಿನವನೊಬ್ಬನಿದ್ದ. ಇಡೀ ಶೆಡ್ಡಿನಲ್ಲಿ ಕನ್ನಡ ಬಲ್ಲವರು ನಾವಿಬ್ಬರೇ. ಹನ್ನೊಂದು ವರ್ಷದಿಂದ ಅವನು ಗುತ್ತಿಗೆಯವನು. ಅವನನ್ನು ಖಾಯಂ ಮಾಡುವ ಕಾಗದ ಕೊನೆಗೂ ಮ್ಯಾನೇಜರರ ಮೇಜಿಗೆ ಬಂದಿತ್ತು. ಶನಿವಾರದವರೆಗೆ ಅವನು ಬೆರೆಸಿದ ಬಣ್ಣದ ಮೇಲೆ ಒಂದೂ ದೂರು ಬರದಿದ್ದರೆ ಸಹಿ. ಬಂದರೆ ಕಾಗದ ಬಂದ ದಾರಿಯಲ್ಲೇ ವಾಪಸು.

ಗುರುವಾರ ಬೆಳಗ್ಗೆ ಸಾಲಿನಲ್ಲಿ ನಾಲ್ಕು ಕೆಂಪು ಬಂಪರಿಗೆ ಒಂದು ಬಿಳಿಯದು ಬರುತ್ತಿತ್ತು. ಮೊದಲನೆಯ ಬಿಳಿಯನ್ನು ನೋಡಿದೊಡನೆ ಹಸಿರು ಛಾಯೆ ಕಂಡಿತು. ಎರಡನೆಯದರಲ್ಲಿಯೂ ಕಂಡಿತು. ಮಧ್ಯಾಹ್ನದೊಳಗೆ ಹನ್ನೆರಡು ಬಿಳಿ ಬಂಪರುಗಳ ಒಳಮೈಗೆ ‘ತಿರಸ್ಕೃತ’ ಎಂಬ ಚೀಟಿ ಅಂಟಿಸಿ ಸಹಿ ಹಾಕಿದೆ. ಪಾಳಿ ಮುಗಿದ ಮೇಲೆ ಆ ವರದಿ ಮ್ಯಾನೇಜರರಿಗೆ ಹೋಗಬೇಕು.

ಬೀದರಿನವನು ಕೈ ಒರೆಸಿಕೊಳ್ಳುತ್ತ ಬಂದ. “ಸರ್, ನನ್ನ ಬಿಳಿಯಾಗ ಹಸಿರು ಎಲ್ಲಿಂದ ಬಂತ್ರಿ? ಹಸಿರಿನ ಡಬ್ಬಿ ಈ ವಾರ ತೆಗದೇ ಇಲ್ಲ.”

“ಎಲ್ಲಿಂದ ಬಂತೋ ನಿನಗೇ ಗೊತ್ತು. ಬಂದದ್ದು ನನಗೆ ಕಂಡಿದೆ.”

“ಯಂತ್ರ ಸರಿ ಅಂತದ್ರಿ.”

“ಯಂತ್ರಕ್ಕೆ ಇಪ್ಪತ್ತೆರಡು ವರ್ಷ ಸರ್ವಿಸ್ ಆಗಿದೆಯೇನಪ್ಪ?”

ಅವನು “ಅಚ್ಛಾ” ಎಂದಷ್ಟೇ ಹೇಳಿ ಹೋದ.

ಊಟದ ನಂತರ ಕೆಂಪು ಮುಗಿದು ಬರೀ ಬಿಳಿ ಬರತೊಡಗಿತು. ಎಂಟನ್ನು ನೋಡಿದೆ, ಎಂಟೂ ಮಲ್ಲಿಗೆಯಂತಿದ್ದವು. ಎಂಟನೆಯದಕ್ಕೆ ರಿಜಿಸ್ಟರಿನಲ್ಲಿ ‘ಉತ್ತಮ’ ಎಂದು ಬರೆದು ತಲೆ ಎತ್ತಿದರೆ ಬೀದರಿನವನು ಎದುರಿಗೇ ನಿಂತಿದ್ದ. ಆ ಬಂಪರನ್ನು ತಿರುವಿ ಒಳಮೈ ತೋರಿಸಿದ. ಅಲ್ಲಿ ನನ್ನದೇ ಅಕ್ಷರ, ನನ್ನದೇ ಸಹಿ: ತಿರಸ್ಕೃತ.

“ಮುಂಜಾನೆ ನೀವೇ ಬ್ಯಾಡಂದದ್ದು ಸರ್. ಸಾಲಿನಾಗ ನಾನೇ ಮತ್ತೆ ಇಟ್ಟೆ.”

“ಒಣಗಿದ ಮೇಲೆ ಛಾಯೆ ಹೋಗಿರಬೇಕು.”

“ಒಲಿಯಾಗ ಒಣಗೇ ಬಂದಿತ್ತಲ್ರಿ. ಚಲೋ, ಒಂದ್ ಕೆಲಸ ಮಾಡ್ರಿ.” ಒಂದು ಕೆಂಪು ಬಂಪರು ತಂದು ನನ್ನೆದುರು ನಿಲ್ಲಿಸಿದ. “ಇದರ ನಟ್ಟನಡು ನೋಡ್ರಿ. ಮೂವತ್ತು ಎಣಸೂತನಾ ಕಣ್ಣು ಅಲ್ಲಾಡಸಬ್ಯಾಡ್ರಿ.”

ಎಣಿಸಿದೆ. ಅವನು ಕೆಂಪನ್ನು ಸರಿಸಿ ಬಿಳಿಯದನ್ನು ಇಟ್ಟ. ಅದರ ಮೇಲೆ ಒಂದು ಹಸಿರು ಬಂಪರು ತೇಲುತ್ತಿತ್ತು. ಗೋಡೆ ನೋಡಿದೆ, ಅಲ್ಲಿಗೂ ಬಂತು. ಸೂರು ನೋಡಿದೆ, ಅಲ್ಲಿಗೂ ಏರಿತು. ಯಾರೂ ತಯಾರಿಸದ, ಯಾರೂ ಬಣ್ಣ ಹೊಡೆಯದ ಆ ಬಂಪರು ತನ್ನ ಪಾಡಿಗೆ ತಾನು ಮಸುಕಾಗಿ ನಿವೃತ್ತವಾಯಿತು.

“ನಿನಗೆ ಇದು ಮೊದಲೇ ಗೊತ್ತಿತ್ತೇ?”

“ಕೆಂಪು ಕಲಸಿದ ದಿನ ನನ್ನ ಬಿಳಿ ಅಂಗಿನೂ ಹಸಿರಾಗ್ತದ್ರಿ. ಅಂಗಿಗೆ ನಾ ಚೀಟಿ ಅಂಟ್ಸಿಲ್ಲ ಅಷ್ಟೇ.”

“ಬೆಳಗ್ಗೆಯೇ ಹೇಳಬಾರದಿತ್ತೇ?”

“ನಿಮ್ಮ ಕಣ್ಣಿಗೆ ಗುತ್ತಿಗೆಯವ ಏನ್ ಹೇಳ್ತಾನ್ರಿ.”

ವಿಷಯ ಇಷ್ಟೇ ಎಂದು ಆಮೇಲೆ ತಿಳಿದುಕೊಂಡೆ. ಕಣ್ಣಿನಲ್ಲಿ ಕೆಂಪು ನೋಡುವ ಗುಮಾಸ್ತರು ಬೇರೆ, ಹಸಿರು ನೋಡುವವರು ಬೇರೆ. ಬಿಳಿ ಎಂದು ವರದಿ ಹೋಗಬೇಕಾದರೆ ಎಲ್ಲರೂ ಹಾಜರಿರಬೇಕು. ಕೆಂಪನ್ನೇ ನೋಡಿ ನೋಡಿ ಆ ಶಾಖೆಯವರು ಸುಸ್ತಾದಾಗ ಉಳಿದವರ ದನಿಯಷ್ಟೇ ಮೇಲಕ್ಕೆ ಹೋಗುತ್ತದೆ. ಮಿದುಳೆಂಬ ಕೇಂದ್ರ ಕಚೇರಿ ಯಾರು ಗೈರುಹಾಜರು ಎಂದು ವಿಚಾರಿಸುವುದಿಲ್ಲ. ಬಂದ ಕಡತಕ್ಕೆ ‘ಹಸಿರು’ ಎಂದು ಮೊಹರು ಒತ್ತುತ್ತದೆ. ಇದು ರೋಗವಲ್ಲ. ಆರೋಗ್ಯವಂತ ಕಣ್ಣಿಗೇ ಹೀಗಾಗುತ್ತದೆ, ಹಾಗಾಗಿ ಕನ್ನಡಕದ ಮೇಲೆ ಹೊರಿಸುವ ದಾರಿಯೂ ಇರಲಿಲ್ಲ.

ಚೀಟಿಗಳನ್ನು ಸದ್ದಿಲ್ಲದೆ ಕಿತ್ತು ಹಾಕಬಹುದಿತ್ತು. ಆದರೆ ಹನ್ನೆರಡೂ ರಿಜಿಸ್ಟರಿಗೆ ಏರಿಬಿಟ್ಟಿದ್ದವು. ಕಾರಣ ಬರೆಯದೆ ಒಂದನ್ನೂ ಹೊಡೆದುಹಾಕುವಂತಿಲ್ಲ. ‘ತಪಾಸಕನ ಕಣ್ಣು ತಪ್ಪಿತು’ ಎಂದು ಬರೆದು, ರಿಜಿಸ್ಟರು ಹಿಡಿದು ಮ್ಯಾನೇಜರರ ಕೋಣೆಗೆ ಹೋದೆ. ಮೂರು ಪದ ಬರೆಯಲು ಅರ್ಧ ಗಂಟೆ ಹಿಡಿದಿತ್ತು.

ಅವರು ಎರಡು ಸಲ ಓದಿದರು. “ಅಚ್ಛಾ,” ಎಂದು ಹಿಂದಿಯಲ್ಲಿ ಕೇಳಿದರು, “ಹಾಗಾದರೆ ಇಷ್ಟು ವರ್ಷ ನೀವು ಬೇಡವೆಂದ ಬಿಳಿಯೆಲ್ಲ ಬಿಳಿಯೇ ಇತ್ತೇ?”

“ಎಲ್ಲ ಅಲ್ಲ, ಸರ್.”

“ಯಾವುದು ಅಂತ ಗೊತ್ತಾ?”

“ಇಲ್ಲ.”

ಅವರು ಹನ್ನೆರಡೂ ಸಾಲುಗಳನ್ನು ಹೊಡೆದುಹಾಕಿ ರಿಜಿಸ್ಟರು ಹಿಂತಿರುಗಿಸಿದರು. ಶನಿವಾರ ಬೀದರಿನವನ ಕಾಗದಕ್ಕೆ ಸಹಿಯಾಯಿತು. ಅವನು ಇಡೀ ಶೆಡ್ಡಿಗೆ ಬರ್ಫಿ ಹಂಚಿದ. ನನಗೆ ಎರಡು ಕೊಟ್ಟು, “ಕಣ್ಣಿಗೊಂದ್ರಿ” ಎಂದ.

ಬರ್ಫಿ ಚೆನ್ನಾಗಿತ್ತು. ತಿನ್ನುತ್ತಿರುವಾಗ, ಇವನಿಗಿಂತ ಮುಂಚೆ ಬಣ್ಣ ಬೆರೆಸುವ ಕೋಣೆಯಲ್ಲಿದ್ದವನು ನೆನಪಾದ. ಅವನನ್ನು ಕೆಲಸದಿಂದ ತೆಗೆದದ್ದು ನನ್ನ ಚೀಟಿಗಳ ಮೇಲೆಯೇ. ಆ ದಿನಗಳಲ್ಲಿ ಸಾಲಿನಲ್ಲಿ ಕೆಂಪು ಇತ್ತೋ ಇಲ್ಲವೋ, ಎಷ್ಟು ಯೋಚಿಸಿದರೂ ತಿಳಿಯಲಿಲ್ಲ. ಹೋಗುವ ದಿನ ಅವನು ನನ್ನ ಮೇಜಿನ ಹತ್ತಿರ ಬಂದು, ಸಾಬ್, ನನ್ನ ಬಿಳಿ ಬಿಳಿಯೇ ಇತ್ತು ಎಂದಿದ್ದ. ಒಬ್ಬ ಒಳ್ಳೆಯ ವೈದ್ಯರಿಗೆ ಕಣ್ಣು ತೋರಿಸಿಕೋ ಎಂದು ನಾನು ಅವನಿಗೆ ಬಹಳ ಸೌಜನ್ಯದಿಂದ ಹೇಳಿದ್ದೆ.