ಇವತ್ತ ಏನ್ ಪಲ್ಯ?

ಸ್ಟಾಫ್ ರೂಮಿನಲ್ಲಿ ಡಬ್ಬಿ ತೆರೆದೊಡನೆ ಪುಂಡಿ ಸೊಪ್ಪಿನ ಪಲ್ಯದ ಹುಳಿವಾಸನೆ ಮೂಗಿಗೆ ಬಡಿಯಿತು. ಬೆಳ್ಳುಳ್ಳಿ ಒಗ್ಗರಣೆ ಬೇರೆ. ಎಂಥ ಸಿಟ್ಟಿದ್ದರೂ ಇಳಿಯಬೇಕು, ನನ್ನದು ಇಳಿಯಲಿಲ್ಲ. ಸರ್ಕಾರಿ ಹಾಸ್ಟೆಲ್ಲಿನ ಊಟದ ಬಗ್ಗೆ, ಅಲ್ಲಿ ಜಾಗ ಸಿಗದವರಿಗೆ ಕೊಡುವ ಊಟದ ಸಹಾಯಧನದ ಬಗ್ಗೆ ಯಾದಗಿರಿಯ ನಮ್ಮ ಕಾಲೇಜಿನ ಬೋರ್ಡಿಗೆ ನಾನೇ ದಪ್ಪಕ್ಷರದ ನೋಟಿಸು ಹಚ್ಚಿ ವಾರಗಳೇ ಆಗಿದ್ದವು. ಒಬ್ಬರೂ ನನ್ನ ಬಳಿ ಬಂದಿರಲಿಲ್ಲ. "ಈಗಿನ ಹುಡುಗರಿಗೆ ಕಾಳಜಿನೇ ಇಲ್ರಿ" ಎಂದು ಪಕ್ಕದವರೊಡನೆ ಗೊಣಗಿ ಮೊದಲ ತುತ್ತು ಬಾಯಿಗಿಟ್ಟೆ. ಆ ಹುಳಿ ನಾಲಿಗೆಗೆ ತಾಗಿದ್ದೇ ತಡ, ಆಪಾ ನೆನಪಾದರು.

ಆಪಾ, ಅಂದರೆ ಅಕ್ಕ, ಎಂದು ನಾವೆಲ್ಲ ಕರೆಯುತ್ತಿದ್ದುದು ಶಹಾಪುರದಲ್ಲಿ ನಾನು ಓದಿದ ಕಾಲೇಜಿನ ಲೈಬ್ರರಿಯನ್‌ರನ್ನು. ಮನೆಯಲ್ಲಿ ದಖನಿ ಉರ್ದು, ನಮ್ಮೊಡನೆ ಕನ್ನಡ, ಪುಸ್ತಕದ ಹಾಳೆ ಹರಿದವರೊಡನೆ ಎರಡೂ.

ಅದು ಕಾಲುವೆಗೆ ನೀರು ಬಂದ ಹೊಸತು. ಶಹಾಪುರ, ಸುರಪುರದ ಕಡೆ ಜೋಳ ಹೋಗಿ ಭತ್ತ ಬಂದಿತ್ತು. ಮಾತೆತ್ತಿದರೆ ನೀರಿನ ಸುದ್ದಿ. ಇನ್ನು ಹಸಿವೆಲ್ಲಿಯದು ಎಂದು ಎಲ್ಲರೂ ನಂಬಿಬಿಟ್ಟಿದ್ದರು. ನಾನು ಕಾಲುವೆ ಮುಟ್ಟದ ಬಳಿಚಕ್ರ ಊರಿನವಳು. ನಮ್ಮ ಹೊಲ ಇನ್ನೂ ಮುಗಿಲು ನೋಡುತ್ತಲೇ ಇತ್ತು. ರಾಮಸಮುದ್ರದ ಗೆಳತಿ ಮಲ್ಲಮ್ಮನ ಜೊತೆ ಒಂದು ಬಾಡಿಗೆ ಕೋಣೆಯಲ್ಲಿದ್ದೆ. ಊರಿಂದ ತಂದ ಖಡಕ್ ರೊಟ್ಟಿಯ ಗಂಟು ವಾರದ ನಡುವೆಯೇ ಬರಿದಾಗುತ್ತಿತ್ತು. ಆಮೇಲೆ ಮಧ್ಯಾಹ್ನವೆಲ್ಲ ಲೈಬ್ರರಿಯೇ ಗತಿ. ಅಲ್ಲಿ ಫ್ಯಾನಿತ್ತು, ಕುಡಿಯಲು ತಣ್ಣೀರಿತ್ತು, ಡಬ್ಬಿ ಎಲ್ಲಿ ಎಂದು ಕೇಳುವವರಿರಲಿಲ್ಲ. ಚಿತ್ರಗಳಿದ್ದ ಒಂದು ದಪ್ಪ ಪ್ರಾಣಿಪುಸ್ತಕ ಹಿಡಿದು ಕೂರುತ್ತಿದ್ದೆ. ಆಮೆಗಳ ಬಗ್ಗೆ ನನಗಿರುವ ಪಾಂಡಿತ್ಯವೆಲ್ಲ ಆ ವರ್ಷದ್ದು. ಊಟದ ಹೊತ್ತಿನಲ್ಲೂ ಲೈಬ್ರರಿ ತುಂಬಿರುವುದನ್ನು ಕಂಡು ಪ್ರಿನ್ಸಿಪಾಲರು ಸಭೆಯಲ್ಲಿ ನಮ್ಮ ಓದಿನ ಗೀಳನ್ನು ಹೊಗಳಿದರು. ನಾವೂ ಚಪ್ಪಾಳೆ ತಟ್ಟಿದೆವು.

ನಮ್ಮ ಕಡೆಯ ರೂಢಿ ನಿಮಗೆ ಗೊತ್ತಲ್ಲ. "ಊಟ ಆಯ್ತೇನ್ರಿ?" ಎಂದರೆ ಉತ್ತರ ಒಂದೇ: "ಆಯ್ತ್ರಿ." ಹೊಟ್ಟೆಯಲ್ಲಿ ಏನಿದೆ ಎಂಬುದಕ್ಕೂ ಆ ಉತ್ತರಕ್ಕೂ ಸಂಬಂಧವಿಲ್ಲ. ಇಲ್ಲ ಎಂದರೆ ಕೇಳಿದವರಿಗೆ ಭಾರ, ನಮ್ಮ ಮನೆತನಕ್ಕೆ ಅವಮಾನ. ಆಪಾ ಕೂಡ ಮೊದಲು ನೋಟಿಸನ್ನೇ ಹಚ್ಚಿದ್ದರು: ಸರ್ಕಾರಿ ಹಾಸ್ಟೆಲ್ಲಿನಲ್ಲಿ ಜಾಗವಿದೆ, ಎರಡು ಹೊತ್ತಿನ ಊಟವಿದೆ, ಬಂದು ಕೇಳಿ ಎಂದು. ಅದರ ಮುಂದೆ ನಿಂತರೆ ಯಾರಾದರೂ ನೋಡಿಯಾರೆಂದು ನಾವಿಬ್ಬರೂ ಬೋರ್ಡಿನ ದಾರಿಯನ್ನೇ ಬಿಟ್ಟು ಹಿಂಬದಿಯಿಂದ ಸುತ್ತಿ ಬರುತ್ತಿದ್ದೆವು. ಹಾಸ್ಟೆಲ್ ಊಟ ದಿಕ್ಕಿಲ್ಲದವರಿಗೆ ಎಂಬುದು ನಮ್ಮ ತಿಳಿವಳಿಕೆ.

ಒಂದು ಮಧ್ಯಾಹ್ನ ಆಪಾ ನಮ್ಮ ಮೇಜಿಗೇ ಬಂದು ಕೂತರು. ಊಟ ಆಯ್ತೇನು ಎಂದು ಕೇಳಲಿಲ್ಲ.

"ಇವತ್ತ ಏನ್ ಪಲ್ಯ ಮಾಡೀರಿ?"

"ಪುಂಡಿ ಪಲ್ಯಾರಿ" ಎಂದೆ ನಾನು. ಅದೇ ಹೊತ್ತಿಗೆ ಮಲ್ಲಮ್ಮ "ಬದ್ನಿಕಾಯ್ರಿ" ಎಂದಳು. ನಮ್ಮಿಬ್ಬರದೂ ಒಂದೇ ಒಲೆ ಎಂದು ಆಪಾಗೆ ಗೊತ್ತಿತ್ತು.

"ಎರಡೆರಡು ಪಲ್ಯ! ಭಾರಿ ಸಾಹುಕಾರ್ರ ಮನಿ ಬಿಡವಾ ನಿಮ್ದು" ಎಂದು ನಕ್ಕರು. ಆಮೇಲೆ ತಮ್ಮ ಚೀಲದಿಂದ ಡಬ್ಬಿ ತೆಗೆದರು. ಒಳಗೆ ಮೆತ್ತನೆಯ ರೊಟ್ಟಿ, ನಿಜವಾದ ಪುಂಡಿ ಪಲ್ಯ. "ಮೊದ್ಲ ತಿನ್ರಿ. ಮಾತು ಆಮ್ಯಾಲ."

ತಿನ್ನುತ್ತ ನಾನು ಅತ್ತೆ. ಹುಳಿಗೆ ಕಣ್ಣಲ್ಲಿ ನೀರು ಬಂತು ಎಂದೆ. ಹೌದು, ಈ ಸಲ ಹುಳಿ ಜಾಸ್ತಿಯಾಗಿದೆ ಎಂದು ಆಪಾ ಒಪ್ಪಿಕೊಂಡರು. ಎಂಥ ಒಳ್ಳೆಯ ಮನಸ್ಸು ಅವರದು! ಹಾಸ್ಟೆಲ್ ಯಾರಿಗೆ, ಹೇಗೆ ಸೇರಬೇಕು ಎಲ್ಲವನ್ನೂ ಆ ಡಬ್ಬಿ ಖಾಲಿಯಾಗುವುದರೊಳಗೆ ತಿಳಿಸಿ ಹೇಳಿದರು.

ಮಲ್ಲಮ್ಮನ ಮನೆಯವರು ಒಪ್ಪಿದರು. ನಮ್ಮಪ್ಪ ಒಪ್ಪಲಿಲ್ಲ. ನಾನು ಉಪವಾಸವಿದ್ದೆ ಎಂಬುದೇ ಅವನಿಗೆ ಹೊಸ ಸುದ್ದಿ. ನನ್ನ ಜೊತೆ ಬಸ್ಸು ಹತ್ತಿದ, ಕಾಲೇಜು ಬಿಡಿಸಿ ಕರೆದೊಯ್ಯಲು. ಲೈಬ್ರರಿಯ ಹೊಸ್ತಿಲ ಹೊರಗೇ ನಿಂತು ಆಪಾಗೆ ಹೇಳಿದ:

"ಅಕ್ಕೋರೆ, ಮಗಳಿಗಿ ರೊಟ್ಟಿ ಹಾಕಲಾರದಾಂವ ಅಂತ ಮಂದಿ ಅಂತಾರ. ಧರ್ಮದ ಕೂಳು ಬ್ಯಾಡ್ರಿ. ಓದಿದ್ದು ಸಾಕು."

ಆಪಾ ಬೇರೇನೋ ಕೇಳಿದರು.

"ಅಣ್ಣಾರ, ಬಸ್ಸಿನ್ಯಾಗ ಬರೂಮುಂದ ಕಾಲುವಿ ಕಂಡಿತಿಲ್ರಿ?"

"ಕಂಡಿತ್ರಿ."

"ಆ ನೀರು ಹೊಲಕ್ಕ ಬಿಟ್ಕೊಂಡವ್ರಿಗಿ ಯಾರರ ಭಿಕ್ಷಾ ಬೇಡ್ಯಾರ ಅಂದಾರೇನು?"

"ಛೇ ಛೇ. ಅದು ಸರ್ಕಾರದ್ದು. ಎಲ್ಲಾರ ಪಾಲಿಂದು."

"ನಿಮ್ಮ ಪಾಲು ನಿಮ್ಮ ಹೊಲಕ್ಕ ಬಂದದೇನ್ರಿ?"

ಅಪ್ಪ "ಇಲ್ರಿ" ಎಂದ.

"ಹೊಲಕ್ಕ ಬರಲಿಲ್ಲ, ಮಗಳ ತಾಟಿನ್ಯಾಗ ಬರಾಕತ್ತದ. ಬಂದ ನೀರು ಹೊಳ್ಳಿ ಕಳಿಸಬ್ಯಾಡ್ರಿ."

ಅಪ್ಪ ರುಮಾಲು ತೆಗೆದು ಮುಖ ಒರೆಸಿಕೊಂಡ. ಆಮೇಲೆ ಸಣ್ಣ ದನಿಯಲ್ಲಿ ಕೇಳಿದ: "ಅಲ್ಲಿ ರೊಟ್ಟಿ ಕೊಡ್ತಾರೇನ್ರಿ, ಇಲ್ಲಾ ಬರೇ ಅನ್ನಾನೋ? ಬರೇ ಅನ್ನ ಉಂಡ್ರ ಇಕಿಗಿ ಹೊಟ್ಟಿ ತುಂಬಂಗಿಲ್ಲ."

ರೊಟ್ಟಿಯನ್ನೇನೋ ಕೊಟ್ಟರು. ಬೇಳೆಸಾರಿನಲ್ಲಿ ಬೇಳೆಯನ್ನು ಹುಡುಕಿಕೊಳ್ಳಬೇಕಿತ್ತು, ಅದು ಬೇರೆ ಮಾತು. ನಾನು ಪದವಿ ಮುಗಿಸಿದೆ, ಈಗ ಪಾಠ ಹೇಳುತ್ತೇನೆ, ಇದೋ ಡಬ್ಬಿ ಬಿಚ್ಚಿಕೊಂಡು ಕೂತು ಹುಡುಗರನ್ನು ಬೈಯುವಷ್ಟು ದೊಡ್ಡವಳೂ ಆಗಿದ್ದೇನೆ.

ಬಾಯಲ್ಲಿದ್ದ ತುತ್ತು ನುಂಗಿ ಡಬ್ಬಿ ಮುಚ್ಚಿದೆ. ಪಕ್ಕದವರು ಎಲ್ಲಿಗೆ ಎಂದು ಕೇಳುವಷ್ಟರಲ್ಲಿ ನಮ್ಮ ಕಾಲೇಜಿನ ಲೈಬ್ರರಿಯ ಬಾಗಿಲಲ್ಲಿದ್ದೆ. ಊಟದ ಹೊತ್ತು, ಬೆಂಚುಗಳೆಲ್ಲ ತುಂಬಿದ್ದವು. ಇದೇ ನೋಟ ಕಂಡು ಹೋದ ವಾರವಷ್ಟೇ ನಾನು ಹಿಗ್ಗಿದ್ದೆ. ಮೂಲೆಯಲ್ಲಿ ನನ್ನ ಕ್ಲಾಸಿನ ಹುಡುಗಿಯೊಬ್ಬಳು ದಪ್ಪ ಪುಸ್ತಕವೊಂದರ ಹಿಂದೆ ಕೂತಿದ್ದಳು. ನನ್ನನ್ನು ಕಂಡು ತಟ್ಟನೆ ಎದ್ದು, ನಾನು ಕೇಳುವ ಮೊದಲೇ ಹೇಳಿದಳು: "ಊಟ ಆಯ್ತ್ರಿ ಮೇಡಂ."

ನಾನು ಅವಳ ಪಕ್ಕದಲ್ಲಿ ಕೂತೆ.

"ಏನ್ ಪಲ್ಯ ಇತ್ತವಾ?"

ಅವಳು ಪುಸ್ತಕ ನೋಡಿದಳು, ಕಿಟಕಿ ನೋಡಿದಳು. "ಪುಂಡಿ ಪಲ್ಯಾರಿ."

ನಾನು ಡಬ್ಬಿಯ ಮುಚ್ಚಳ ತೆಗೆದೆ. "ನಂದೂ ಅದೇ ಅದ. ಯಾರ್ದು ಹುಳಿ ಜಾಸ್ತಿ ಅದ, ತಿಂದು ಹೇಳು ಬಾ."