ಡಿಸ್ಕು ಕೊಡುವವನ ಮನೆ

ಭದ್ರಾವತಿಯ ಕಾಗದನಗರದ ಕ್ವಾರ್ಟರ್ಸಿನ ನಮ್ಮ ಸಾಲಿನಲ್ಲಿ ಈಗ ಜನ ಇರುವ ಮನೆ ಎರಡೇ. ಒಂದು ನನ್ನದು, ಗೋಡೆಯಾಚೆಯದು ಕಾಂತರಾಜನದು. ಕಾಗದದ ಕಾರ್ಖಾನೆ ನಿಂತ ಮೇಲೆ ಉಳಿದವರೆಲ್ಲ ಗಂಟುಮೂಟೆ ಕಟ್ಟಿದರು. ಕಾಂತರಾಜನ ಅಪ್ಪ ಪುಟ್ಟಯ್ಯನೂ ನಮ್ಮ ಯಜಮಾನರೂ ಒಂದೇ ಪಾಳಿಯಲ್ಲಿ ದುಡಿದವರು, ಇಬ್ಬರೂ ಈಗಿಲ್ಲ. ತಾಯಿ ಹುಲಿಗೆಮ್ಮ ತೀರಿಕೊಂಡ ಮೇಲೆ ಆ ಮನೆಯಲ್ಲಿ ಮಾತಿನ ಸದ್ದೇ ಅಡಗಿತು. ಕಾಂತರಾಜನಿಗೆ ನಲವತ್ತರ ಹತ್ತಿರ, ಮದುವೆ ಕೂಡಿಬರಲಿಲ್ಲ. ಹೊಳೆಹೊನ್ನೂರು ರಸ್ತೆಯ ಅಕ್ಕಿ ಗಿರಣಿಯಲ್ಲಿ ಮೋಟಾರು, ವೈರಿಂಗು ನೋಡಿಕೊಳ್ಳುತ್ತಾನೆ. ಸಂಜೆ ಬಂದು ಟೀವಿಗೆ ಒಂದು ಪೆಟ್ಟಿಗೆ ಸಿಕ್ಕಿಸಿಕೊಂಡು ವಿಡಿಯೋ ಗೇಮ್ ಆಡುತ್ತಾನೆ. ಮೀಸೆ ನರೆಯುತ್ತಿರುವ ಗಂಡಸು ಆಟ ಆಡುತ್ತಾನಲ್ಲ ಎಂದು ನಾನು ಮುಖದ ಮೇಲೇ ಹೇಳಿದ್ದೇನೆ. ಅವನು ನಕ್ಕು ಸುಮ್ಮನಾಗುತ್ತಾನೆ, ಅದೇ ನನಗೆ ಇನ್ನಷ್ಟು ಸಿಟ್ಟು ಬರಿಸುತ್ತದೆ.

ಮೊದಲೆಲ್ಲ ಗೇಮುಗಳು ಡಿಸ್ಕಿನಲ್ಲಿ ಬರುತ್ತಿದ್ದವು. ಹೊಸದು ಕೈಗೆಟುಕುವ ಬೆಲೆಯದ್ದಲ್ಲ. ಶಿವಮೊಗ್ಗದ ನೆಹರೂ ರಸ್ತೆ ಕಡೆಯ ಅಂಗಡಿಯೊಂದರಲ್ಲಿ ಯಾರೋ ಆಡಿ ಮಾರಿದ್ದನ್ನು ಇವನು ತರುತ್ತಿದ್ದ, ತಾನೂ ಆಡಿ, ಕೇಳಿದವರಿಗೆ ಕೊಡುತ್ತಿದ್ದ. ಬಾಡಿಗೆಯಿಲ್ಲ, ಅಡ್ವಾನ್ಸಿಲ್ಲ. ಷರತ್ತು ಒಂದೇ. ವಾಪಸ್ ಕೊಡಲು ತಾವೇ ಬರಬೇಕು, ಕೂತು ಟೀ ಕುಡಿಯಬೇಕು, ಆಟ ಎಲ್ಲಿಯವರೆಗೆ ಹೋಯಿತು, ಎಲ್ಲಿ ಸೋತಿರಿ ಎಂದು ಬಾಯಿಬಿಟ್ಟು ಹೇಳಬೇಕು. ಭಾನುವಾರ ಬಂತೆಂದರೆ ಅವನ ಬಾಗಿಲಲ್ಲಿ ಚಪ್ಪಲಿಗಳ ರಾಶಿ. ಸಕ್ಕರೆ ಸಾಲದೆ ನನ್ನ ಮನೆಯ ಡಬ್ಬಿ ಬರಿದಾಗುತ್ತಿತ್ತು.

ಎಲ್ಲರಿಗಿಂತ ಹೆಚ್ಚು ಬರುತ್ತಿದ್ದವನು ಶಿವಮೊಗ್ಗದ ವಿನೋಬನಗರದ ಮಲ್ಲಿಕ್. ಅವನು ಒಮ್ಮೆ ಸೋಮಾರಿತನದಿಂದ ಡಿಸ್ಕನ್ನು ಭದ್ರಾವತಿ ಬಸ್ಸಿನ ಕಂಡಕ್ಟರ್ ಕೈಲಿ ಕೊಟ್ಟು ಕಳಿಸಿದ. ನಮ್ಮ ಕಡೆ ಮಾತ್ರೆಯಿಂದ ಹಿಡಿದು ಮಲ್ಲಿಗೆ ದಂಡೆಯವರೆಗೆ ಎಲ್ಲವೂ ಬಸ್ಸಲ್ಲೇ ಬರುವುದು, ಅದರಲ್ಲಿ ತಪ್ಪೇನಿಲ್ಲ. ಈ ಪುಣ್ಯಾತ್ಮ ಕಾಂತರಾಜ ಅದೇ ಬಸ್ಸಿನಲ್ಲಿ ಡಿಸ್ಕನ್ನು ವಾಪಸ್ ಕಳಿಸಿದ. ಮರುದಿನ ಮಲ್ಲಿಕ್ ಮುಖ ಊದಿಸಿಕೊಂಡು ಬಂದ.

"ಏನು ಕಾಂತಣ್ಣ, ಬಸ್ಸಲ್ಲಿ ಬಂದ್ರೆ ಡಿಸ್ಕ್ ಸವೆದು ಹೋಗುತ್ತಾ?"

"ಡಿಸ್ಕ್ ಬಂತು ಮಾರಾಯ. ನೀನು ಬರ್ಲಿಲ್ಲಲ್ಲ."

ಅವತ್ತು ಇಬ್ಬರೂ ನಕ್ಕದ್ದು ನನ್ನ ಅಡುಗೆಮನೆಗೆ ಕೇಳಿಸಿತ್ತು. ಆಮೇಲಾಮೇಲೆ ಉಳಿದವರು ಮೊಬೈಲಿನಲ್ಲೇ ಆಡಿಕೊಂಡು ಒಬ್ಬೊಬ್ಬರಾಗಿ ಬರುವುದನ್ನು ಬಿಟ್ಟರು. ಮಲ್ಲಿಕ್ ಒಬ್ಬನೇ ಉಳಿದ. ಕಾಂತರಾಜ ಭಾನುವಾರ ಬೆಳಿಗ್ಗೆ ಕ್ಷೌರ ಮಾಡಿಕೊಂಡು ಕೂರುತ್ತಿದ್ದದ್ದು ಅವನೊಬ್ಬನಿಗಾಗಿ.

ಅಷ್ಟರಲ್ಲಿ ಮಲ್ಲಿಕ್ ಹೊಸ ಪೆಟ್ಟಿಗೆ ಕೊಂಡ. ಅದರಲ್ಲಿ ಡಿಸ್ಕು ಹಾಕುವ ಬಾಯಿಯೇ ಇಲ್ಲವಂತೆ. ಗೇಮನ್ನು ಇಂಟರ್‌ನೆಟ್ಟಿನಲ್ಲಿ ಕೊಂಡು ಇಳಿಸಿಕೊಳ್ಳಬೇಕು. ಅದು ಕೊಂಡವನ ಖಾತೆಗೆ ಅಂಟಿಕೊಂಡಿರುತ್ತದೆ, ಕೈಯಿಂದ ಕೈಗೆ ಕೊಡಲು ಬರುವುದಿಲ್ಲ. ಸ್ನೇಹ ತಪ್ಪಿಹೋದೀತೆಂದು ಕಾಂತರಾಜ ತನ್ನ ಡಿಸ್ಕುಗಳನ್ನೆಲ್ಲ ಅದೇ ಅಂಗಡಿಗೆ ಮಾರಿ ತಾನೂ ಅಂಥದ್ದೇ ಪೆಟ್ಟಿಗೆ ತಂದ. ತನ್ನ ಖಾತೆಯಲ್ಲಿ ಗೇಮು ಕೊಂಡು, ಖಾತೆಯ ಹೆಸರು, ಪಾಸ್‌ವರ್ಡ್ ಎರಡನ್ನೂ ಮಲ್ಲಿಕ್‌ಗೆ ಕೊಟ್ಟ. "ಇನ್ನು ನಂದು ನಿಂದು ಅಂತಿಲ್ಲ ಪುಷ್ಪಕ್ಕ, ಎಲ್ಲ ಒಂದೇ" ಎಂದು ನನ್ನ ಹತ್ತಿರ ಬಂದು ಹೇಳಿಕೊಂಡ. ಮನೆಯ ಬೀಗದ ಕೈ ಕೊಟ್ಟಷ್ಟೇ ಖುಷಿ ಅವನಿಗೆ.

ಆದರೆ ಕೊಡುವುದು, ವಾಪಸ್ ತರುವುದು ಇಲ್ಲವಾದ ಮೇಲೆ ಮಲ್ಲಿಕ್ ಬರಬೇಕಾದ ಕಾರಣವೂ ಇಲ್ಲವಾಯಿತು. ಮೊದಲು ಫೋನಾದರೂ ಮಾಡುತ್ತಿದ್ದ, ಆಮೇಲೆ ಅದೂ ನಿಂತಿತು. ಈ ಬುದ್ಧಿವಂತ ಕಾಂತರಾಜನಿಗೆ ಅದು ಮೊದಲೇ ಹೊಳೆಯಬಾರದಿತ್ತೇ?

ದೀಪಾವಳಿಯಾದ ಮೇಲೆ ಒಂದು ಭಾನುವಾರ ಮಧ್ಯಾಹ್ನ ಸಾರು ಕೊಡಲು ಹೋದೆ. ಕಾಂತರಾಜ ಆಡುತ್ತಿದ್ದ. ಇದ್ದಕ್ಕಿದ್ದಂತೆ ಆಟ ನಿಂತು ಪರದೆಯ ಮೇಲೆ ಒಂದು ಸಾಲು ಬರಹ ಬಂತು. ಏನೆಂದು ಕೇಳಿದೆ. ಇದೇ ಖಾತೆಯನ್ನು ಇನ್ನೊಂದು ಕಡೆ ತೆರೆದಿದ್ದಾರೆ, ಹಾಗಾಗಿ ಇಲ್ಲಿ ಮುಚ್ಚಿದೆ ಎಂದ. ಒಂದು ಖಾತೆಯಲ್ಲಿ ಒಂದು ಹೊತ್ತಿಗೆ ಒಬ್ಬರೇ ಆಡಬಹುದಂತೆ.

"ಆಡ್ಕೊಳ್ಳಲಿ ಬಿಡಿ," ಎಂದು ಕೈಯಲ್ಲಿದ್ದುದನ್ನು ಕೆಳಗಿಟ್ಟು ಟೀಗೆ ನೀರಿಡಲು ಎದ್ದ. ಒಲೆಯ ಪಕ್ಕ ಎರಡು ಲೋಟ ತೆಗೆದಿಟ್ಟ. ನಾನು ಟೀ ಕುಡಿಯುವವಳಲ್ಲ ಎಂದು ಅವನಿಗೆ ಚೆನ್ನಾಗಿ ಗೊತ್ತು.

ಮನೆಗೆ ಬಂದವಳೇ ಮಲ್ಲಿಕ್‌ಗೆ ಫೋನು ಹಚ್ಚಿದೆ. ಹುಲಿಗೆಮ್ಮ ಆಸ್ಪತ್ರೆಯಲ್ಲಿದ್ದಾಗ ತೆಗೆದುಕೊಂಡಿದ್ದ ನಂಬರು. ಕಾಂತರಾಜನ ಗೇಮನ್ನು ಆಡುತ್ತೀಯ, ಅವನ ಮುಖ ನೋಡಲು ನಿನಗೇನು ದಾಡಿ ಎಂದು ಶುರುಮಾಡಿದೆ.

"ನಾನೆಲ್ಲಿ ಆಡ್ತೀನಿ ಅಕ್ಕ? ಆ ಪೆಟ್ಟಿಗೆ ಮಾರಿ ಎಷ್ಟೋ ಕಾಲ ಆಯ್ತು. ಯಾರೋ ಶಿಕಾರಿಪುರದವರು ತಗೊಂಡ್ರು."

"ಅದರೊಳಗೆ ಇವನ ಖಾತೆ ಇತ್ತಲ್ಲೋ?"

"ಅಳಿಸ್ಲಿಲ್ಲ. ಗೇಮು ಒಳಗೇ ಇದ್ರೆ ರೇಟು ಚೆನ್ನಾಗಿ ಬರುತ್ತೆ ಅಂದ್ರು. ಕಾಂತಣ್ಣಂಗೆ ಹೇಳ್ಬೇಡಿ, ಬೇಜಾರು ಮಾಡ್ಕೊಳ್ತಾನೆ."

ಬಾಯಿಗೆ ಬಂದಷ್ಟು ಬೈದು ಫೋನಿಟ್ಟೆ. ಹೇಳಿದರೆ ಅವನು ಕುಸಿದುಹೋಗುತ್ತಾನೆ, ಹೇಳದಿದ್ದರೆ ಹೀಗೇ ಯಾರಿಗೋ ಲೋಟ ಇಡುತ್ತಾ ಕೂರುತ್ತಾನೆ. ಎರಡು ದಿನ ಒಳಗೊಳಗೇ ಬೆಂದು, ಕೊನೆಗೆ ಅವನು ಗಿರಣಿಯಿಂದ ಬರುವುದನ್ನೇ ಕಾದು ಹೋದೆ.

"ನಿನ್ನ ಆಟ ಆಡ್ತಿರೋನು ಮಲ್ಲಿಕ್ ಅಲ್ಲ ಕಣೋ," ಎಂದೆ.

ಕಾಂತರಾಜ ಬೂಟು ಬಿಚ್ಚುತ್ತಿದ್ದವನು ತಲೆಯೆತ್ತಲಿಲ್ಲ.

"ಗೊತ್ತು ಪುಷ್ಪಕ್ಕ. ಆ ಆಟದಲ್ಲಿ ಒಂದು ಸೇತುವೆ ಬರುತ್ತೆ. ಅದೇ ಆಟ ಡಿಸ್ಕಿನಲ್ಲಿದ್ದಾಗಿಂದ್ಲೂ ನಾವಿಬ್ರೂ ವರ್ಷಗಟ್ಟಲೆ ಅಲ್ಲೇ ಬಿದ್ದು ಸಾಯ್ತಿದ್ವಿ. ಮಲ್ಲಿಕ್ ಬಂದಾಗೆಲ್ಲ ಅದೇ ಮಾತು. ಹಬ್ಬದ ವಾರ ಯಾರೋ ಅದನ್ನ ದಾಟಿದಾರೆ. ಅಲ್ಲಿ ಆಡಿದ್ದು ಇಲ್ಲೂ ಸೇರುತ್ತಲ್ಲ, ಈಗ ನನ್ನ ಆಟನೂ ಸೇತುವೆಯ ಆಚೆಯಿಂದಲೇ ಶುರುವಾಗುತ್ತೆ. ಮಲ್ಲಿಕ್ ದಾಟಿದ್ದಿದ್ರೆ ಅವತ್ತೇ ಓಡಿ ಬರ್ತಿದ್ದ."

"ಗೊತ್ತಿದ್ದೂ ಪಾಸ್‌ವರ್ಡ್ ಬದಲಾಯಿಸಿಲ್ವಾ?"

"ಬದಲಾಯಿಸಿದ್ರೆ ಪರದೆ ಮೇಲೆ ಆ ಸಾಲೂ ಬರಲ್ಲ."

ಬೈಯಲೆಂದು ಹೋದವಳು ಅವನ ಎದುರಿನ ಕುರ್ಚಿಯಲ್ಲಿ ಕೂತೆ. ಒಂದು ಲೋಟ ನನಗೂ ಹಾಕು ಎಂದೆ. ಅವನು ಆಶ್ಚರ್ಯಪಟ್ಟು ನೋಡಿ ಒಲೆ ಹಚ್ಚಿದ. ಆಟದ ತಲೆಬುಡ ನನಗೆ ಗೊತ್ತಿಲ್ಲ, ಆದರೂ ಮಾತಿಗೆ ಕೇಳಿದೆ.

"ಅಲ್ಲ, ಅಷ್ಟು ಕಷ್ಟದ ಸೇತುವೆ ಆ ಯಾರೋ ಒಬ್ಬ ಹೇಗೆ ದಾಟಿದನಂತೆ?"

ಕಾಂತರಾಜ ಟೀ ಸೋಸುತ್ತಾ ಬಾಗಿಲ ಕಡೆ ನೋಡಿದ.

"ಅದನ್ನ ಹೇಳೋಕೆ ಅವನು ಇಲ್ಲಿಗೆ ಬರಬೇಕಿತ್ತಕ್ಕ," ಎಂದ.