ಪರದೆಯೆಲ್ಲ ಹಸಿರಾಗಿದ್ದ ದಿನ

ದೂರಸಂಪರ್ಕ ಕ್ಷೇತ್ರದಲ್ಲಿ ಹೊಸ ಯಂತ್ರವನ್ನು ತಂದು ನಿಲ್ಲಿಸಿದವರ ಹೆಸರು ಉದ್ಘಾಟನೆಯ ಕಲ್ಲಿನ ಮೇಲೆ ಉಳಿಯುತ್ತದೆ. ಆ ಯಂತ್ರ ಕೆಟ್ಟಿತೆಂಬುದನ್ನು ಊರಿಗಿಂತ ಮೊದಲು ತಿಳಿದು ಸರಿಪಡಿಸುವವರ ಹೆಸರು ಹಾಜರಿ ಪುಸ್ತಕವನ್ನು ದಾಟುವುದಿಲ್ಲ. ಸುವಾಣಿ ದೂರಸಂಪರ್ಕ ಸಂಸ್ಥೆಯ ಜಾಲ ನಿರ್ವಹಣಾ ಕೇಂದ್ರವನ್ನು ಕೈಯಾರೆ ಕಟ್ಟಿ, ಹದಿಮೂರು ವರ್ಷ ನಡೆಸಿ, ಈ ೨೦೦೭ರ ಜುಲೈ ತಿಂಗಳಲ್ಲಿ ನಿವೃತ್ತರಾಗುತ್ತಿರುವ ಶ್ರೀಮತಿ ಎಂ. ಬಸವಲಿಂಗಮ್ಮನವರು ಈ ಎರಡನೆಯ ಸಾಲಿಗೆ ಸೇರಿದವರು. ಅವರ ಸೌಜನ್ಯವನ್ನು ಕುರಿತು ನಾಲ್ಕು ಪುಟ ಬರೆದುಕೊಡಿ ಎಂದು ಈ ಅಭಿನಂದನ ಗ್ರಂಥದ ಸಂಪಾದಕ ಮಂಡಳಿ ನನ್ನನ್ನು ಕೇಳಿತು. ಮೂರು ಸಲ ಬರೆದೆ, ಮೂರು ಸಲ ಹರಿದೆ. ಒಂದು ದಿನದ ಸಂಗತಿಯನ್ನು ಬಿಟ್ಟು ಅವರನ್ನು ಕುರಿತು ಏನು ಬರೆದರೂ ನನ್ನ ಮಟ್ಟಿಗೆ ಅದು ಸುಳ್ಳೇ ಆಗುತ್ತಿತ್ತು. ಕೊನೆಗೆ ಅವರ ಬಳಿಗೇ ಹೋಗಿ ಅನುಮತಿ ಕೇಳಿದೆ.

“ಬರೀರಿ ಬಸವಂತ,” ಎಂದರು. “ಆದ್ರೆ ನನ್ನನ್ನ ದೊಡ್ಡೋಳು ಮಾಡೋಕೆ ಏನೂ ಸೇರಿಸ್ಬೇಡಿ. ಆಗಿದ್ದನ್ನ ಆದ ಹಾಗೇ ಬರೀರಿ.”

೧೯೯೬ರಲ್ಲಿ ನಾನು ಇಳಕಲ್ಲಿನ ಕಡೆಯಿಂದ ಬಂದು ಸಂಸ್ಥೆಗೆ ಸೇರಿದಾಗ ಕೇಂದ್ರವಿದ್ದದ್ದು ಜಯನಗರ ನಾಲ್ಕನೇ ಬ್ಲಾಕಿನ ಒಂದು ಕಟ್ಟಡದ ಮೂರನೆಯ ಮಹಡಿಯಲ್ಲಿ. ಬೇರೆ ಬೇರೆ ಕಂಪನಿಗಳಿಂದ ಬೇರೆ ಬೇರೆ ಕಾಲದಲ್ಲಿ ಕೊಂಡ ಸಲಕರಣೆಗಳು ಬನಶಂಕರಿ, ಜೆ.ಪಿ. ನಗರ, ಸಾರಕ್ಕಿ ಎಂದು ನಲವತ್ತೊಂದು ಕಡೆ ಕೂತಿದ್ದವು. ಅವುಗಳ ಸ್ಥಿತಿಗತಿ ತಿಳಿಯುವ ಕ್ರಮ ಒಂದರಂತೆ ಇನ್ನೊಂದಕ್ಕಿರಲಿಲ್ಲ. ಹಳೆಯ ಯಂತ್ರಗಳ ಮುಂದೆ ಕೂತು ಆಜ್ಞೆಯನ್ನು ಒಂದೊಂದೇ ಸಾಲಾಗಿ ಟೈಪ್ ಮಾಡಬೇಕಿತ್ತು; ಕೆಲವು, ನಾವು ಕೇಳಿದಾಗ ಮಾತ್ರ ಉತ್ತರ ಕೊಡುತ್ತಿದ್ದವು; ಮತ್ತೆ ಕೆಲವು, ದೋಷ ಕಂಡೊಡನೆ ತಾವಾಗಿಯೇ ಸುದ್ದಿ ಕಳಿಸುತ್ತಿದ್ದವು. ಮೂರು ಬಗೆಗೆ ಮೂರು ಪರದೆ, ಮೂರು ಪರದೆಗೆ ಮೂವರು ಕಾವಲು. ಇವೆಲ್ಲವುಗಳ ಸುದ್ದಿಯನ್ನು ಒಂದೇ ರೂಪಕ್ಕೆ ತಿರುಗಿಸಿ ಒಂದೇ ಪರದೆಯ ಮೇಲೆ, ಕೆಟ್ಟರೆ ಕೆಂಪು, ಸರಿಯಿದ್ದರೆ ಹಸಿರು ಎಂದು ತೋರಿಸುವ ವ್ಯವಸ್ಥೆಯನ್ನು ಬಸವಲಿಂಗಮ್ಮನವರು, ನಾನು ಬರುವ ಹಿಂದಿನ ವರ್ಷವೇ ಆರಂಭಿಸಿ, ಹೊರಗಿನವರ ನೆರವಿಲ್ಲದೆ ರೂಪಿಸಿದರು. ಪ್ರತಿ ಸಲಕರಣೆಗೂ ಒಂದು ಕೋಷ್ಟಕ: ಅದು ಕಳಿಸುವ ಯಾವ ಸಂಖ್ಯೆಗೆ ನಮ್ಮಲ್ಲಿ ಯಾವ ಅರ್ಥ ಎಂಬ ಪಟ್ಟಿ. ಆ ಕೋಷ್ಟಕ ಬರೆಯುವ ವಿದ್ಯೆಯನ್ನು ಅವರು ನನಗೆ ಕಲಿಸಿದರು.

ಕಲಿಸಿದ ರೀತಿಯೂ ಅವರದೇ. ಸೇರಿದ ಮರುವರ್ಷ ನನಗೆ ಟೈಫಾಯಿಡ್ ಆಗಿ ಬಿ.ಟಿ.ಎಂ. ಲೇಔಟಿನ ಬಾಡಿಗೆ ಕೋಣೆಯಲ್ಲಿ ಹದಿನೆಂಟು ದಿನ ಮಲಗಿದ್ದಾಗ, ಸಂಜೆ ಕಚೇರಿ ಮುಗಿಸಿ ಬಸ್ಸಿನಲ್ಲಿ ಗಂಜಿಯ ಡಬ್ಬಿ ತರುತ್ತಿದ್ದರು. ನಾನು ಗಂಜಿ ಕುಡಿಯುವಷ್ಟು ಹೊತ್ತು ಚಾಪೆಯ ಮೇಲೆ ಕೂತು ಹೊಸ ಸಲಕರಣೆಯ ಕೈಪಿಡಿಯನ್ನು ಗಟ್ಟಿಯಾಗಿ ಓದುತ್ತಿದ್ದರು. ಜ್ವರದಲ್ಲಿ ನನಗೇನೂ ತಿಳಿಯುತ್ತಿರಲಿಲ್ಲ. “ತಿಳೀದಿದ್ರೂ ಪರವಾಗಿಲ್ಲ, ಕಿವಿಗೆ ಬೀಳ್ಲಿ,” ಎನ್ನುತ್ತಿದ್ದರು.

ಇಂಥವರಿಗೆ ನಾನು ಸುಳ್ಳು ಹೇಳಿದೆ.

೨೦೦೨ರ ಮಾರ್ಚ್ ಮೊದಲ ವಾರದಲ್ಲಿ ಬೇಗೂರಿನ ಮಾರ್ಗಕ್ಕೆ ಹೊಸ ಕಂಪನಿಯ ಸಲಕರಣೆ ಬಂತು. ನಮ್ಮ ಹಳೆಯ ಯಂತ್ರಗಳಲ್ಲಿ ‘೧’ ಎಂದರೆ ದೋಷವಿಲ್ಲ, ‘೫’ ಎಂದರೆ ಅತ್ಯಂತ ಗಂಭೀರ ದೋಷ. ಹೊಸದು ಸರಿಯಿದ್ದಾಗ ಏನನ್ನೂ ಕಳಿಸುತ್ತಿರಲಿಲ್ಲ; ದೋಷ ಕಂಡಾಗ ಕಳಿಸುವ ಸಂಖ್ಯೆಗಳ ಕ್ರಮ ತಿರುವುಮುರುವು, ‘೧’ ಎಂದರೇ ಅತ್ಯಂತ ಗಂಭೀರ. ಕೈಪಿಡಿಯ ಆ ಪುಟವನ್ನು ನಾನು ಓದಲಿಲ್ಲ. ಹಳೆಯ ಕೋಷ್ಟಕವನ್ನೇ ನಕಲು ಮಾಡಿ ಹೆಸರು ಬದಲಿಸಿದೆ. ಸಹಿಗೆ ಒಯ್ದಾಗ ಅವರು ಎಂದಿನಂತೆ ಒಂದೇ ಪ್ರಶ್ನೆ ಕೇಳಿದರು.

“ಬೇಗೂರಿಗೆ ಹೋಗಿ ಕೇಬಲ್ ಕಿತ್ತು ನೋಡಿದ್ರಾ? ಇಲ್ಲಿ ಕೆಂಪು ಬಂತಾ?”

“ಬಂತು ಮೇಡಂ,” ಎಂದೆ. ನಾನು ಬೇಗೂರಿಗೆ ಹೋಗಿರಲೇ ಇಲ್ಲ. ಅಂದು ಬಿಸಿಲು ಜೋರಿತ್ತು. ಅದಕ್ಕಿಂತ ದೊಡ್ಡ ಕಾರಣ ಯಾವುದೂ ಇರಲಿಲ್ಲ.

ಅವರು ಸಹಿ ಮಾಡಿದರು.

ಮಾರ್ಚ್ ಹದಿನಾಲ್ಕು, ಗುರುವಾರ. ನಡುಹಗಲಿನ ಹೊತ್ತಿಗೆ ಷರಟಿನ ಒಂದು ತೋಳು ಸುಟ್ಟು ಕಪ್ಪಾಗಿದ್ದ, ಐವತ್ತರ ಆಸುಪಾಸಿನ ಒಬ್ಬರು ಮೆಟ್ಟಿಲು ಹತ್ತಿ ನೇರವಾಗಿ ನಮ್ಮ ಕೋಣೆಗೆ ನುಗ್ಗಿದರು. ಬೇಗೂರಿನಲ್ಲಿ ಊದುಬತ್ತಿ ಹೊಸೆಯುವ ಸಣ್ಣ ಕಾರ್ಖಾನೆ ಇಟ್ಟಿದ್ದ ಪಿಳ್ಳಣ್ಣನವರು ಅವರು.

“ಯಾರ್ರೀ ಇಲ್ಲಿ ದೊಡ್ಡೋರು? ಬೆಳಗ್ಗೆಯಿಂದ ನಮ್ಮೂರಲ್ಲಿ ಒಂದು ಫೋನೂ ಇಲ್ಲ!”

ನಾನು ಕುರ್ಚಿಯಿಂದ ಏಳಲೂ ಇಲ್ಲ. ಪರದೆಯ ಕಡೆ ಕೈ ತೋರಿಸಿ, “ಬೇಗೂರು ಸರಿ ಇದೆ ಸಾರ್. ನೋಡಿ, ಹಸಿರಿದೆ. ನಿಮ್ಮ ಇನ್‌ಸ್ಟ್ರುಮೆಂಟ್ ಕೆಟ್ಟಿರ್ಬೇಕು,” ಎಂದೆ.

ಅವರು ಪರದೆಯನ್ನು ನೋಡಿದರು, ನನ್ನನ್ನು ನೋಡಿದರು.

“ಹಸಿರಾ? ಅಲ್ಲಿ ಹೆಣ್ಣುಮಕ್ಕಳು ಬೆಂದೋದ್ರು ಕಣಯ್ಯಾ. ಫೈರ್ ಇಂಜಿನ್‌ಗೆ ಮಾಡಿ ಮಾಡಿ ನನ್ನ ಬೆರಳು ಬಿದ್ದೋಯ್ತು. ಹಸಿರಂತೆ!”

ಪಕ್ಕದ ಮೇಜಿನಿಂದ ಬಸವಲಿಂಗಮ್ಮನವರು ಎದ್ದರು. ಫೋನೆತ್ತಿ ಬೇಗೂರಿನ ಒಂದು ಸಂಖ್ಯೆ ಒತ್ತಿದರು, ಇನ್ನೊಂದು ಒತ್ತಿದರು, ಮೂರನೆಯದು. ಆಮೇಲೆ ನನ್ನ ಮುಖ ನೋಡಿದರು. ಹಸಿರು ಚೌಕ ಎದುರಿಗೇ ಇತ್ತು, ಕಣ್ಣು ಅದರಿಂದ ಕದಲಲಿಲ್ಲ.

ನಡೆದದ್ದು ಇಷ್ಟು. ಬೆಳಗ್ಗೆ ಒಂಬತ್ತು ನಲವತ್ತಕ್ಕೆ ಸಾರಕ್ಕಿಯ ವೃತ್ತದ ಬಳಿ ರಸ್ತೆ ಅಗೆಯುವಾಗ ಕೇಬಲ್ ತುಂಡಾಗಿತ್ತು. ಸಲಕರಣೆ ಆ ಕ್ಷಣವೇ ‘೧’ ಎಂದು ಕಳಿಸಿತ್ತು. ನನ್ನ ಕೋಷ್ಟಕ ಅದನ್ನು ‘ದೋಷವಿಲ್ಲ’ ಎಂದು ಬರೆದುಕೊಂಡಿತ್ತು. ಕೆಂಪು ಕಂಡಿದ್ದರೆ ಕಾಲು ಗಂಟೆಯೊಳಗೆ ಬದಲಿ ಮಾರ್ಗಕ್ಕೆ ತಿರುಗಿಸಬಹುದಿತ್ತು. ಹತ್ತೂವರೆಗೆ ಪಿಳ್ಳಣ್ಣನವರ ಕಾರ್ಖಾನೆಗೆ ಬೆಂಕಿ ಬಿತ್ತು. ಫೋನು ಹೋಗದ್ದರಿಂದ ಯಾರೋ ಸ್ಕೂಟರಿನಲ್ಲಿ ಹೋಗಿ ಅಗ್ನಿಶಾಮಕ ದಳಕ್ಕೆ ಸುದ್ದಿ ಮುಟ್ಟಿಸುವಷ್ಟರಲ್ಲಿ ಬಹಳ ತಡವಾಗಿತ್ತು. ಅಷ್ಟರಲ್ಲಿ ರೇಣವ್ವ ಎಂಬ ಕೆಲಸದಾಕೆ, ಹಿಂದಿನ ಕೋಣೆಯಲ್ಲಿ ಸಿಕ್ಕಿಕೊಂಡಿದ್ದ ಇಬ್ಬರನ್ನು ಎರಡು ಸಲ ಒಳಗೆ ಹೋಗಿ ಎಳೆದು ತಂದಿದ್ದಳು. ಅವರಿಬ್ಬರೂ ಬದುಕಿದರು. ರೇಣವ್ವನ ಬಲಗೈ ಮೊಣಕೈಯವರೆಗೆ ಬೆಂದಿತು.

ನಾಲ್ಕನೆಯ ದಿನ ವಿಚಾರಣಾ ಸಭೆ. ಸಿದ್ಧವಾಗಿದ್ದ ಕರಡು ವರದಿಯಲ್ಲಿ ತಪ್ಪಿತಸ್ಥರೆಂದು ಲೈನ್‌ಮನ್ ಬೋರಯ್ಯನವರ ಹೆಸರಿತ್ತು: ಅಗೆತ ನಡೆಯುವಲ್ಲಿ ಕೇಬಲ್ ಕಾಯಬೇಕಿತ್ತು, ಕಾಯಲಿಲ್ಲ, ಆದ್ದರಿಂದ ವಜಾ. ಅಂದು ಬೆಳಗ್ಗೆ ಅವರನ್ನು ಬನಶಂಕರಿಗೆ ಕಳಿಸಿದ್ದು ಸಂಸ್ಥೆಯೇ ಎಂಬುದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಬೋರಯ್ಯನವರು ಬಾಗಿಲ ಬಳಿ ನಿಂತಿದ್ದರು. ನಾನು ತಲೆ ತಗ್ಗಿಸಿ ಕೂತಿದ್ದೆ. ಮೇಡಂ ನನ್ನನ್ನು ಉಳಿಸುತ್ತಾರೆ ಎಂದು ನಂಬಿದ್ದೆ. ಗಂಜಿ ತಂದವರಲ್ಲವೆ!

ಬಸವಲಿಂಗಮ್ಮನವರು ಎದ್ದು ನಿಂತರು.

“ಬೋರಯ್ಯಂದು ತಪ್ಪಿಲ್ಲ ಸಾರ್. ಕೋಷ್ಟಕ ತಪ್ಪಾಗಿ ಬರೆದಿದ್ದು ಬಸವಂತ. ಬೇಗೂರಿಗೆ ಹೋಗಿ ನೋಡ್ದೆ ನೋಡಿದ್ದೀನಿ ಅಂದಿದ್ದೂ ಬಸವಂತ. ಒಂದು ಮಾತು ನಂಬಿ ಸಹಿ ಹಾಕಿದ್ದು ನಾನು. ವರದೀಲಿ ನಮ್ಮಿಬ್ಬರ ಹೆಸರು ಇರ್ಲಿ.”

ಅಷ್ಟು ಜನರ ನಡುವೆ, ನನ್ನ ಹೆಸರು ಹಿಡಿದು! ತಾವೇ ಹೊಣೆ ಹೊತ್ತು ಸುಮ್ಮನಾಗಬಹುದಿತ್ತು. ದೊಡ್ಡವರು ಹಾಗೆ ಮಾಡುತ್ತಾರೆಂದು ಕೇಳಿದ್ದೆ. ಮೂರು ತಿಂಗಳು ನನ್ನನ್ನು ಅಮಾನತಿನಲ್ಲಿಟ್ಟರು. ಆ ಮೂರು ತಿಂಗಳ ಮೊದಲ ಕೆಲವು ದಿನ ನಾನು ಅವರನ್ನು ಮನಸಾರೆ ದ್ವೇಷಿಸಿದೆನೆಂದು ಈ ಗ್ರಂಥದಲ್ಲಿ ಬರೆಯಲು ನನಗೆ ಸಂಕೋಚವಿಲ್ಲ.

ಹತ್ತನೆಯ ದಿನ ಮಧ್ಯಾಹ್ನ ಅವರು ನನ್ನ ಕೋಣೆಗೆ ಬಂದರು. “ಚಪ್ಪಲಿ ಹಾಕ್ಕೊಳಿ, ಆಸ್ಪತ್ರೆಗೆ ಹೋಗೋಣ,” ಎಂದರು. ಸುಟ್ಟಗಾಯದ ವಾರ್ಡಿನಲ್ಲಿ ರೇಣವ್ವ ಸೊಳ್ಳೆಪರದೆಯೊಳಗೆ ದಿಂಬಿಗೆ ಒರಗಿ ಕೂತಿದ್ದಳು. ಪಕ್ಕದ ಹಾಸಿಗೆಯವರೊಡನೆ ಆಡುತ್ತಿದ್ದ ಮಾತು ಕಿವಿಗೆ ಬೀಳುವ ತನಕ ಆಕೆ ನಮ್ಮ ಇಳಕಲ್ಲಿನ ಸೀಮೆಯವಳೆಂದು ನನಗೆ ತಿಳಿದಿರಲಿಲ್ಲ. ಮೇಡಂ ನನ್ನನ್ನು ಮುಂದೆ ಬಿಟ್ಟು ಹಿಂದೆ ನಿಂತರು.

“ಅಕ್ಕಾ, ಫೋನ್ ಬಂದ್ ಆಗಿದ್ದು ಗೊತ್ತಾಗಲಾರ್ದಂಗ ಆಗಿದ್ದು ನನ್ನ ತಪ್ಪಿನಿಂದ್ರಿ,” ಎಂದೆ.

ರೇಣವ್ವ ನನ್ನ ಕಡೆ ತಿರುಗಿದಳು. “ಇದನ್ನ ಹೇಳಾಕ ಬಂದೀರೇನು?”

“ಹೌದ್ರಿ.”

“ಸುಮ್ಮ ಇದ್ದಿದ್ರ ನನಗ ಗೊತ್ತಾಗ್ತಿದ್ದಿಲ್ಲ.”

“ಅದಕ್ಕೇ ಬಂದ್ವಿ ಅಮ್ಮ,” ಎಂದರು ಹಿಂದಿನಿಂದ ಬಸವಲಿಂಗಮ್ಮನವರು.

ನರ್ಸು ಬ್ಯಾಂಡೇಜ್ ಬದಲಿಸಲು ಬಂದಾಗ ನಾನು ಹೊರಗೆ ಹೋಗಲು ತಿರುಗಿದೆ. ರೇಣವ್ವ ಗಟ್ಟಿಯಾಗಿ, “ನಿಂದರ್ರಿ. ನೋಡಿ ಹೋಗ್ರಿ,” ಎಂದಳು. ನಿಂತೆ. ನೋಡಿದೆ. ಏನು ನೋಡಿದೆನೆಂದು ಇಲ್ಲಿ ಬರೆಯಲಾರೆ. “ಸಾಕು. ಈಗ ಹೋಗ್ರಿ,” ಎಂದಳು. ಕ್ಷಮಿಸಿದೆ ಎನ್ನಲಿಲ್ಲ. ಇಂದಿಗೂ ಅಂದಿಲ್ಲ, ಅನ್ನಬೇಕಾದ ಅಗತ್ಯವೂ ಆಕೆಗಿಲ್ಲ.

ನಾನು ಅಮಾನತಿನಲ್ಲಿದ್ದಾಗ ಐವತ್ತಮೂರು ವರ್ಷದ ಬಸವಲಿಂಗಮ್ಮನವರು ಸಲಕರಣೆಗಳಿದ್ದ ನಲವತ್ತೊಂದು ಠಾಣೆಗಳಿಗೂ ತಾವೇ ಹೋಗಿ, ಒಂದೊಂದೇ ಕೇಬಲನ್ನು ಕಿತ್ತು, ಕೇಂದ್ರದಲ್ಲಿ ಪರದೆಯ ಮುಂದೆ ಬೋರಯ್ಯನವರನ್ನು ಕೂರಿಸಿ, ಫೋನಿನಲ್ಲಿ “ಕೆಂಪು ಬಂತಾ ಬೋರಯ್ಯ?” ಎಂದು ಕೇಳುತ್ತ ಹನ್ನೊಂದು ವಾರ ಓಡಾಡಿದರು. ಮೂವತ್ತೆಂಟನೆಯದು ಜೆ.ಪಿ. ನಗರ. ಅಲ್ಲಿ ವಿದ್ಯುತ್ ಸಂಪರ್ಕ ತೆಗೆದು ಕೇಳಿದಾಗ ಬೋರಯ್ಯನವರು, “ಇಲ್ಲ ಮೇಡಂ, ಹಸಿರೇ ಅದೆ,” ಎಂದರು. ಮತ್ತೆ ತೆಗೆದರು. ಮತ್ತೆ ಹಸಿರು. ಆ ಕೋಷ್ಟಕ ೧೯೯೫ರದು. ನಾನು ಸಂಸ್ಥೆಗೆ ಸೇರುವ ಮೊದಲೇ ಸ್ವತಃ ಅವರೇ ಬರೆದದ್ದು. ಏಳು ವರ್ಷ ಆ ಠಾಣೆಯ ವಿದ್ಯುತ್ ಹೋದರೂ ನಮಗೆ ತಿಳಿಯುವಂತಿರಲಿಲ್ಲ. ಬ್ಯಾಟರಿಗಳು ಕೈಕೊಡದಿದ್ದುದರಿಂದ ಯಾರಿಗೂ ಏನೂ ಆಗಿರಲಿಲ್ಲ, ಅಷ್ಟೆ.

ಫೋನಿನ ಆ ಕಡೆ ಎಷ್ಟೋ ಹೊತ್ತು ಸದ್ದಿರಲಿಲ್ಲವಂತೆ. “ಮೇಡಂ ಅಳ್ತಾವ್ರೇನೋ ಅಂದ್ಕೊಂಡೆ,” ಎಂದು ಬೋರಯ್ಯನವರು ನನಗೆ ಹೇಳಿದ್ದಾರೆ. “ಆಮೇಲೆ ಕೇಳಿದ್ರು: ಬೋರಯ್ಯ, ನಾನೇ ಬರೆದಿದ್ದಾ ಇದು? ಅಂತ. ಅವರೇ ಬರೆದಿದ್ದು, ಅವರ್ನೇ ಕೇಳ್ಬೇಕು, ನಾನೇನು ಹೇಳ್ಲಿ?”

ಮರುದಿನ ಸೂಚನಾ ಫಲಕದಲ್ಲಿ ಅವರ ಕೈಬರಹದ ಹಾಳೆಯಿತ್ತು: ತಪ್ಪು ಯಾವುದು, ಬರೆದವರು ಯಾರು, ಎಷ್ಟು ವರ್ಷ ಇತ್ತು. ಅದರ ಪ್ರತಿಯನ್ನು ವಿಚಾರಣಾ ಸಮಿತಿಗೂ ಕಳಿಸಿದ್ದರು. ಯಾರೂ ಕೇಳಿರಲಿಲ್ಲ. ಮರುತಿಂಗಳು ಅವರಿಗೆ ಸಿಗಬೇಕಿದ್ದ ಮುಖ್ಯ ಅಭಿಯಂತರರ ಹುದ್ದೆ ಬೇರೆಯವರಿಗೆ ಹೋಯಿತು. ಅಂದಿನಿಂದ, ಒಬ್ಬರು ಸ್ಥಳದಲ್ಲಿ ಕೇಬಲ್ ಕಿತ್ತು ಇನ್ನೊಬ್ಬರು ಪರದೆ ನೋಡಿ ಇಬ್ಬರೂ ಸಹಿ ಹಾಕದೆ ಯಾವ ಕೋಷ್ಟಕವೂ ನಮ್ಮಲ್ಲಿ ಚಾಲನೆಗೆ ಬಂದಿಲ್ಲ.

ನಾನು ಮರಳಿದಾಗ ನನ್ನನ್ನು ಕಡತಗಳ ವಿಭಾಗಕ್ಕೆ ಹಾಕುವ ಆದೇಶ ಸಿದ್ಧವಿತ್ತು. ಅದನ್ನು ತಡೆದವರೂ ಅವರೇ. “ಈ ಕೆಲಸಕ್ಕೆ ಇನ್ನು ಮೇಲೆ ಅವರಷ್ಟು ಹೆದರೋರು ನಮಗೆ ಸಿಗಲ್ಲ ಸಾರ್,” ಎಂದರಂತೆ. ಐದು ವರ್ಷದಿಂದ ಅದೇ ಕೆಲಸ ಮಾಡುತ್ತಿದ್ದೇನೆ, ಅದೇ ಹೆದರಿಕೆಯಲ್ಲಿ.

ಈ ಲೇಖನಕ್ಕಾಗಿ ಕಳೆದ ತಿಂಗಳು ಒಂದು ಶನಿವಾರ ಬೇಗೂರಿಗೆ ಹೋದೆ. ರೇಣವ್ವ ಈಗ ಮನೆಯ ಮುಂದೆಯೇ ತರಕಾರಿ ಮಾರುತ್ತಾಳೆ. ಬಲಗೈ ಬೆರಳುಗಳು ಮಡಚಿಕೊಂಡೇ ಇವೆ. ಹೆಬ್ಬೆಟ್ಟು ಒತ್ತಲು ಅದರಲ್ಲಿ ಗೆರೆಗಳು ಉಳಿದಿಲ್ಲ. ನಾನು ಬಂದ ಕಾರಣ ಹೇಳಿದ ಮೇಲೆ ತಕ್ಕಡಿ ಕೆಳಗಿಟ್ಟು, “ಟೀಚರಮ್ಮನ ಪುಸ್ತಕಕ್ಕೇನು?” ಎಂದಳು.

ಟೀಚರಮ್ಮ! ಐದು ವರ್ಷದಿಂದ ಪ್ರತಿ ಭಾನುವಾರ ಬಸವಲಿಂಗಮ್ಮನವರು ಬೇಗೂರಿಗೆ ಬಂದು ಆಕೆಗೆ ಎಡಗೈಯಲ್ಲಿ ಅಕ್ಷರ ಬರೆಯಲು ಕಲಿಸುತ್ತಿದ್ದಾರೆಂಬುದು ನನಗಾಗಲಿ, ಕಚೇರಿಯ ಬೇರೆ ಯಾರಿಗಾಗಲಿ ತಿಳಿದಿರಲಿಲ್ಲ. ನಾನು ಅಲ್ಲಿಯೇ, ಸೊಪ್ಪಿನ ಕಟ್ಟುಗಳ ನಡುವೆ ಕೂತುಬಿಟ್ಟೆ.

“ಅವರಿಗೆ ಏನಾರ ಬರದು ಕೊಡ್ತೀರೇನು?” ಎಂದು ಕೇಳಿ, ಹಾಳೆ ಮುಂದಿಟ್ಟೆ. ಆಕೆ ಎಡಗೈಯಲ್ಲಿ ಪೆನ್ನು ಹಿಡಿದು, ತುಟಿ ಕಚ್ಚಿ, ನಿಧಾನವಾಗಿ ಒಂದು ಸಾಲು ಬರೆದಳು. ಬಸವಲಿಂಗಮ್ಮನವರು ಆರೋಗ್ಯದಿಂದ ನೂರ್ಕಾಲ ಬಾಳಲಿ, ಅವರ ಭಾನುವಾರಗಳಿಗೆ ನಿವೃತ್ತಿ ಇಲ್ಲದಿರಲಿ ಎಂದು ನಾನು ಹಾರೈಸುತ್ತೇನೆ. ಆದರೆ ಈ ಗ್ರಂಥದ ಹಾರೈಕೆಯೆಂದರೆ ರೇಣವ್ವನ ಆ ಸಾಲೇ. ಅಕ್ಷರ ತಿದ್ದದೆ ಇಲ್ಲಿ ಕೊಟ್ಟಿದ್ದೇನೆ:

“ನಾಳಿ ಬರ್ರಿ ಅಕ್ಕಾರ, ಒತ್ತಕ್ಷರ ಇನ್ನೂ ಬಾಳ ಅದಾವ. ರೇಣವ್ವ.”